ಹೀಟ್ ಪಂಪಿನ ತಂಗಾಳಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹನಿ ನೀರು. ಅದು ಕೊಳಾಯಿ ನೀರಲ್ಲ, ಮಳೆ ನೀರೂ ಅಲ್ಲ. ಗುರುದತ್ತನ ಮಾತಿನಲ್ಲೇ ಹೇಳುವುದಾದರೆ ಅದು ವಿಜ್ಞಾನದ ನೀರು. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಿಂದ ಹೊರಟು, ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಿಳಿ ಪಂಚೆಯ ಮೇಲೆ ಹರಡಿದ್ದ ಮಾವಿನಕಾಯಿ ಹೋಳುಗಳ ನಟ್ಟನಡುವೆ ಬಿತ್ತು. ಆಂಧ್ರದಲ್ಲಿ ಆವಕಾಯ ಉಪ್ಪಿನಕಾಯಿ ಹಾಕುವ ದಿನ ಆ ಮನೆಗೆ ಸಿಡಿಲು ಬಿದ್ದರೂ ಕ್ಷಮಿಸಿಯಾರು, ನೀರಿನ ಹನಿ ಬಿದ್ದರೆ ಕ್ಷಮಿಸುವುದಿಲ್ಲ. ಒಂದು ಹೋಳಿಗೆ ತೇವ ಸೋಕಿದರೆ ವರ್ಷದ ಜಾಡಿಗೆಲ್ಲ ಬೂಷ್ಟು.

ಆ ಹನಿಗೂ ಒಂದು ಹಿನ್ನೆಲೆ ಇತ್ತು. ಗುರುದತ್ ತುಮಕೂರಿನವನು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಸೇರಿದ್ದು ಬ್ಯಾಂಕು. ಟರ್ಬೈನುಗಳ ಕನಸು ಕಂಡವನ ಕೈಗೆ ಚಿನ್ನದ ಸಾಲದ ತಕ್ಕಡಿ ಬಂದಿತ್ತು. ಒಡವೆ ತೂಗುತ್ತ, ಸಹಿ ಹೋಲಿಸುತ್ತ, ವರ್ಗವಾದಲ್ಲಿಗೆಲ್ಲ ಗಂಟುಮೂಟೆ ಕಟ್ಟುತ್ತ ಬಂದವನ ಎದೆಯ ಮೂಲೆಯಲ್ಲಿ ಎಂಜಿನಿಯರೊಬ್ಬ ಇನ್ನೂ ಬೂದಿ ಮುಚ್ಚಿದ ಕೆಂಡದಂತೆ ಕೂತಿದ್ದ. ಕಳೆದ ವಾರ ಮನೆಯ ಗೀಸರು ಕೊನೆಯುಸಿರೆಳೆದಾಗ ಆ ಕೆಂಡಕ್ಕೆ ಗಾಳಿ ಬಡಿಯಿತು. ಬಿಸಿನೀರಿಲ್ಲದೆ ಗುರುದತ್ತನಿಗೆ ಬೆಳಗಾಗುವುದಿಲ್ಲ, ಬೇಸಿಗೆಯಲ್ಲೂ ಅಷ್ಟೇ. ಗೀಸರಿಗೆ ಬದಲು ಅವನು ಒಂದು ಹೀಟ್ ಪಂಪಿಗೆ ಆರ್ಡರ್ ಕೊಟ್ಟುಬಿಟ್ಟ.

"ಹೊರಗೆ ಬೆಂಕಿ ಸುರೀತಿದೆ, ಜನ ಎಸಿ ತರ್ತಾರೆ," ಎಂದಳು ಹೆಂಡತಿ ಪದ್ಮಾ. "ನೀವು ಮೇ ತಿಂಗಳಲ್ಲಿ ಬಿಸಿನೀರಿನ ಮೆಷಿನ್ ತಂದು ಉಪ್ಪಿನಕಾಯಿ ಹಾಕ್ಕೋತೀರಾ?"

"ಗೀಸರಿಗೂ ಇದಕ್ಕೂ ವ್ಯತ್ಯಾಸ ಇದೆ ಕಣೇ. ಗೀಸರ್ ಶಾಖ ಹುಟ್ಟಿಸುತ್ತೆ, ಇದು ಶಾಖ ಸಾಗಿಸುತ್ತೆ. ಗೀಸರ್ ಅಂದ್ರೆ ಮನೇಲೇ ಭತ್ತ ಬೆಳೆದು ಅನ್ನ ಮಾಡಿದ ಹಾಗೆ. ಇದು ಅಂಗಡಿಯಿಂದ ಅಕ್ಕಿಮೂಟೆ ಆಟೋದಲ್ಲಿ ತಂದ ಹಾಗೆ. ನಾವು ಕೊಡೋದು ಆಟೋ ಚಾರ್ಜು ಮಾತ್ರ, ಅಕ್ಕಿ ಬಿಟ್ಟಿ."

"ಬಿಟ್ಟಿ ಅಕ್ಕಿ ಕೊಡೋ ಅಂಗಡಿ ಯಾವುದು?"

"ಈ ಊರೇ. ವಿಶಾಖಪಟ್ಟಣ. ಹೆಸರಲ್ಲೇ ಶಾಖ ಇದೆ, ನೋಡು."

ಪದ್ಮಾ ಅವನನ್ನು ನೋಡಿದಳೇ ವಿನಾ ಹೆಸರನ್ನು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಕಂಪನಿಯ ಸಾಯಿಕಿರಣ್ ಯಂತ್ರದೊಂದಿಗೆ ಬಂದ. ನೀರಿನ ಟ್ಯಾಂಕು, ಅದರ ತಲೆಯ ಮೇಲೆ ಫ್ಯಾನು, ಒಟ್ಟಿನಲ್ಲಿ ಪೇಟ ಸುತ್ತಿದ ಜಮೀನ್ದಾರನ ಹಾಗಿತ್ತು. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಅದನ್ನು ಗೋಡೆಗೆ ಬಿಗಿಯುವಷ್ಟು ಹೊತ್ತೂ ಗುರುದತ್ ನವವಧುವಿನ ಸೋದರಮಾವನಂತೆ ಸುತ್ತ ಸುಳಿದಾಡಿದ. ಪ್ರತಿ ಬೋಲ್ಟಿಗೂ ಟಾರ್ಚು ಹಿಡಿದ. ಒಳಗಿನ ತಾಮ್ರದ ಸುರುಳಿಯನ್ನು ಕಂಡಾಗ ಪದ್ಮಾಳನ್ನು ತಿಂಡಿಯ ಮಧ್ಯೆ ಎಬ್ಬಿಸಿಕೊಂಡು ಬಂದ.

"ನೋಡು, ಇದರೊಳಗೆ ಓಡೋ ಗ್ಯಾಸು ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ. ಖಾಲಿ ಹೊಟ್ಟೇಲಿ ತಣ್ಣಗೆ ಬರುತ್ತೆ. ಗಾಳೀಲಿರೋ ಶಾಖವನ್ನೆಲ್ಲ ಬಾಚಿ ಬಾಚಿ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಬಾಗಿಲಲ್ಲಿ ಕಂಪ್ರೆಸರ್ ಅದನ್ನ ಹಿಡಿದು ಹೊಟ್ಟೆ ಹಿಂಡುತ್ತೆ. ತಿಂದಿದ್ದನ್ನೆಲ್ಲ ಟ್ಯಾಂಕಿನ ನೀರಿಗೆ ಕಕ್ಕಿ, ಮತ್ತೆ ಖಾಲಿ ಹೊಟ್ಟೇಲಿ ಊಟಕ್ಕೆ ಹೊರಡುತ್ತೆ."

"ಕೈಯಲ್ಲಿ ಇಡ್ಲಿ ಇದೆ ರೀ," ಎಂದು ಪದ್ಮಾ ತಟ್ಟೆ ಹಿಡಿದು ಒಳಗೆ ಹೋದಳು.

ಸಾಯಿಕಿರಣ್ ಕೊನೆಗೆ ಒಂದು ಸಣ್ಣ ಪ್ಲಾಸ್ಟಿಕ್ ಪೈಪನ್ನು ಎತ್ತಿಕೊಂಡ. "ಇದನ್ನ ಮೋರಿಗೆ ಬಿಡ್ತೀನಂಡಿ. ಇಲ್ಲಿ ಗಾಳೀಲಿ ತೇವ ಜಾಸ್ತಿ, ನೀರು ಚೆನ್ನಾಗಿ ಬರುತ್ತೆ."

"ಬೇಡ, ಈಗ ಹೊರಗೇ ತೂಗಿ ಬಿಡಿ. ಗಾಳಿ ತಣ್ಣಗಾಗಿ ಅದರ ತೇವ ಹನಿಯಾಗಿ ಬೀಳೋದನ್ನ ನಾನು ಕಣ್ಣಾರೆ ನೋಡಬೇಕು. ಪುಸ್ತಕದಲ್ಲಿ ಓದಿದ್ದೇ ಬಂತು."

"ಕೆಳಗಿನ ಬಾಲ್ಕನಿಗೆ ಬೀಳುತ್ತೆ ಸಾರ್."

"ನಾಲ್ಕು ಹನಿ ಬೀಳಲಿ, ಆಮೇಲೆ ಮೋರಿಗೆ."

"ಮೀ ಇಷ್ಟಂ ಸಾರ್," ಎಂದು ಸಾಯಿಕಿರಣ್ ಸ್ವಿಚ್ಚು ಹಾಕಿದ.

ಯಂತ್ರ ಮೊದಲು ಗಂಟಲು ಸರಿಮಾಡಿಕೊಂಡಿತು. ಆಮೇಲೆ ತಂಬೂರಿಯ ಶ್ರುತಿಯಂತೆ ಹಿತವಾಗಿ ಗುನುಗತೊಡಗಿತು. ಒಂದು ಕಡೆಯಿಂದ ವೈಜಾಗಿನ ಬೇಯುವ ಗಾಳಿಯನ್ನು ನುಂಗಿ ಇನ್ನೊಂದು ಕಡೆಯಿಂದ ತಣ್ಣನೆಯ ಗಾಳಿ ಬಿಟ್ಟಿತು. ಪೈಪಿನ ತುದಿಯಲ್ಲಿ ಏನೋ ಹೊಳೆಯಿತು, ದುಂಡಗಾಯಿತು, ತೊನೆಯಿತು.

"ಬಂತು ಬಂತು," ಎಂದ ಗುರುದತ್, ಚೊಚ್ಚಲ ಕೂಸಿನ ಅಪ್ಪನ ಧ್ವನಿಯಲ್ಲಿ.

ಹನಿ ಬಿತ್ತು. ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಬಂದರಿನಲ್ಲಿ ಹಡಗು ಕೂಗಿದಂತೆ ಒಂದು ಕೂಗು ಮೇಲೆ ಬಂತು. "ಗುರುದತ್ ಗಾರೂ..."

ಕೂಗಿದವರು ಗುರುದತ್ ಬಾಡಿಗೆಗಿದ್ದ ಮನೆಯ ಮಾಲೀಕರಾದ, ಎರಡನೇ ಮಹಡಿಯ ಮಾಧವೀಲತಾ. ಯಜಮಾನರ ನೌಕರಿಯ ಕಾಲದಲ್ಲಿ ಬಳ್ಳಾರಿಯಲ್ಲಿದ್ದವರು. ಅವರ ಕನ್ನಡ ಬಳ್ಳಾರಿಯಲ್ಲಿ ಬೆಂದು ವಿಶಾಖದಲ್ಲಿ ಒಗ್ಗರಣೆ ಹಾಕಿಸಿಕೊಂಡದ್ದು. ಅವರ ಪಕ್ಕದಲ್ಲಿ ನಾದಿನಿ, ಅವರ ಬಾಯಲ್ಲಿ ವದಿನ, ಕನಕದುರ್ಗ ಕೂತಿದ್ದರು. ಯಜಮಾನರ ಅಕ್ಕ. ಉಪ್ಪಿನಕಾಯಿ ಹಾಕುವುದಕ್ಕೆಂದೇ ವಿಜಯವಾಡದಿಂದ, ಹಳಬರ ಬಾಯಲ್ಲಿನ ಬೆಜವಾಡದಿಂದ, ಬಂದವರು. ಹೆಸರಿಗೆ ಸಹಾಯಕ್ಕೆ ಬಂದಿದ್ದರೂ ನಡೆಸುತ್ತಿದ್ದದ್ದು ತಪಾಸಣೆ.

"ನೋಡ್ರಿ, ಇದು ಏನು?" ಓಡಿ ಇಳಿದು ಬಂದ ಗುರುದತ್ತನಿಗೆ ಮಾಧವೀಲತಾ ಪಂಚೆಯ ಮೇಲಿನ ಒದ್ದೆ ಕಲೆಯನ್ನು ಬೆರಳು ಮಾಡಿ ತೋರಿಸಿದರು.

"ಕಂಡೆನ್ಸೇಟ್, ಆಂಟಿ."

"ಹೆಸರು ಏನರ ಇರಲಿ. ತೇವ ಐತೋ ಇಲ್ಲೋ?"

"ಇದೆ. ಆದರೆ ಬಹಳ ಶುದ್ಧ ನೀರು. ಬ್ಯಾಟರಿಗೆ ಹಾಕಬಹುದು."

"ನಾ ಬ್ಯಾಟರಿ ಹಾಕಾಕ ಕುಂತಿಲ್ರಿ, ಆವಕಾಯ ಹಾಕಾಕ ಕುಂತೀನಿ."

ಕನಕದುರ್ಗ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ತೆಲುಗಿನಲ್ಲಿ ಶುರುಮಾಡಿದರು. "ಮಾ ಬೆಜವಾಡಲೋ, ನಮ್ಮ ಬೆಜವಾಡದಲ್ಲಾದರೆ, ಈ ತಾಪತ್ರಯವೇ ಇಲ್ಲ. ಈ ಹೊತ್ತಿಗೆ ಇಂದ್ರಕೀಲಾದ್ರಿ ಬೆಟ್ಟದ ಬಂಡೆ ದೋಸೆಯ ಹೆಂಚಾಗಿರುತ್ತೆ. ನೆರಳಲ್ಲಿಟ್ಟರೂ ಹೋಳು ಗರಿಗರಿ. ನಿಮ್ಮ ವೈಜಾಗಿನಲ್ಲಿ ಸಮುದ್ರದ ಗಾಳಿ, ಮೈಮೇಲಿನ ಬೆವರೇ ಒಣಗಲ್ಲ, ಮಾವಿನಕಾಯಿ ಒಣಗುತ್ತಾ? ಅದರ ಮೇಲೆ ನೀರಿನ ಅಭಿಷೇಕ ಬೇರೆ."

ಮಾಧವೀಲತಾರ ಮುಖ ಖಾರದ ಪುಡಿಯ ಬಣ್ಣಕ್ಕೆ ತಿರುಗಿತು. "ವದಿನ ಮುಂದ ನನ್ನ ಮಾನ ಹೋತು. ಗುರುದತ್ ಗಾರೂ, ಸಂಜಿ ಆಗೋದ್ರಾಗ ಆ ಮೆಷಿನ್ ಗೋಡಿ ಬಿಟ್ಟು ಕೆಳಗ ಇಳೀಬೇಕು. ಮುಗೀತು."

ಗುರುದತ್ ತಲೆಯೆತ್ತಿ ತನ್ನ ಯಂತ್ರದ ಕಡೆ ನೋಡಿದ. ಓದಿದ ಓದಿಗೆ ಸಾಕ್ಷಿಯಾಗಿ ಜೀವಮಾನದಲ್ಲಿ ಒಂದು ಯಂತ್ರ ಮನೆಗೆ ಬಂದಿದೆ, ಅದರ ಆಯುಷ್ಯ ಒಂದೇ ಹಗಲೇ? ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ಒಂದು ಯೋಚನೆ ಸಿಕ್ಕಿತು.

"ಆಂಟಿ, ಈ ಹೋಳು ನಾನು ಒಣಗಿಸಿಕೊಡ್ತೀನಿ. ಅದೇ ಮೆಷಿನ್‌ನಿಂದ. ಸಂಜೆಯೊಳಗೆ."

"ನೀರು ಚೆಲ್ಲೋ ಮೆಷಿನ್ ಒಣಗಿಸ್ತೈತಾ?"

"ಆ ನೀರು ಎಲ್ಲಿತ್ತು ಹೇಳಿ? ಗಾಳಿಯೊಳಗೆ. ಒದ್ದೆಬಟ್ಟೆ ಹಿಂಡೋ ಹಾಗೆ ಮೆಷಿನ್ ಗಾಳೀನ ಹಿಂಡಿದೆ. ಹಿಂಡಿದ ಬಟ್ಟೇಲಿ ನೀರು ಉಳಿಯುತ್ತಾ? ಹಾಗೆ ಈ ಗಾಳೀಲೂ ತೇವ ಉಳಿದಿರಲ್ಲ."

ಅತ್ತಿಗೆ ನಾದಿನಿ ಮುಖ ಮುಖ ನೋಡಿಕೊಂಡರು. ಕನಕದುರ್ಗ "ಚೂದ್ದಾಂ," ಎಂದರು. ನೋಡೋಣ ಎಂದರೆ ಸೋಲುವುದನ್ನು ನೋಡೋಣ ಎಂಬಂತಿತ್ತು ಆ ದನಿ.

ಮಾವಿನ ಹೋಳುಗಳ ಮೆರವಣಿಗೆ ಮೂರನೇ ಮಹಡಿಗೆ ಹತ್ತಿತು. ಸಾಯಿಕಿರಣ್ ಪೈಪನ್ನು ಮೋರಿಗೆ ಬಿಟ್ಟು, ಇನ್ನು ಇಲ್ಲಿ ನಿಂತರೆ ತನಗೂ ಆವಕಾಯವೇ ಗತಿ ಎಂದು ಜಾಗ ಖಾಲಿ ಮಾಡಿದ. ಗುರುದತ್ ಕಿಟಕಿಗಳನ್ನೆಲ್ಲ ಮುಚ್ಚಿದ. ಯಂತ್ರ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಟೇಪು ಸುತ್ತಿ, ಯುಟಿಲಿಟಿಯಿಂದ ಹಾಲಿನವರೆಗೆ ಆನೆಯ ಸೊಂಡಿಲಿನಂಥ ಗಾಳಿಕೊಳವೆ ಕಟ್ಟಿದ. ಟೇಪು ಸಾಲದಿದ್ದಲ್ಲಿ ಪದ್ಮಾಳ ದುಪಟ್ಟಾ ಬಿಗಿದ. ಕಾಲೇಜು ಬಿಟ್ಟ ಮೇಲೆ ಇಷ್ಟು ಖುಷಿಯಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಹಾಲಿನ ತುಂಬ ಹಾಸಿದ ಪಂಚೆಗಳ ಮೇಲೆ ಹೋಳುಗಳು ಕೂತವು. ಸೊಂಡಿಲಿನಿಂದ ತಂಗಾಳಿ ಬಂತು. ಗೋಡೆಯ ಕ್ಯಾಲೆಂಡರು ಮೆಲ್ಲಗೆ ಅಲುಗಿತು. ಕನಕದುರ್ಗ ಬೀಸಿಕೊಳ್ಳುತ್ತಿದ್ದ ಸೆರಗನ್ನು ನಿಲ್ಲಿಸಿ, ಆಮೇಲೆ ಅದನ್ನೇ ಭುಜದ ತುಂಬ ಹೊದ್ದುಕೊಂಡರು. "ಬಾಗುಂದೇ," ಎಂದು ಒಲ್ಲದ ಮನಸ್ಸಿನಿಂದ ಮೆಚ್ಚಿದರು.

ಎದುರುಮನೆಯ ಹಿಮಬಿಂದು ಔಷಧ ಕಂಪನಿಯ ಉದ್ಯೋಗಿ. ಗದ್ದಲವೇನೆಂದು ನೋಡಲು ಬಂದವಳು ಹೆಸರಿಗೆ ತಕ್ಕಂತೆ ತಂಪು ಸಿಕ್ಕಲ್ಲೇ ಗಟ್ಟಿಯಾಗಿ ಕೂತುಬಿಟ್ಟಳು. ಅವಳ ಹಿಂದೆ ಲ್ಯಾಪ್‌ಟಾಪು ಬಂತು. ಲ್ಯಾಪ್‌ಟಾಪಿನ ಹಿಂದೆ ಅವಳ ಅಮ್ಮ ಹೆಚ್ಚಿಟ್ಟಿದ್ದ ಮಾವಿನ ಹೋಳೂ ಬಂತು.

ಅಷ್ಟರಲ್ಲಿ ಯುಟಿಲಿಟಿಯಲ್ಲಿ 'ಟಿಕ್' ಎಂದಿತು. ಶ್ರುತಿ ನಿಂತಿತು, ಗಾಳಿಯೂ ನಿಂತಿತು.

"ಕರೆಂಟ್ ಹೋತಾ?" ಎಂದರು ಮಾಧವೀಲತಾ.

"ಇಲ್ಲ ಆಂಟಿ. ಟ್ಯಾಂಕಿನ ನೀರು ಕಾದಿದೆ. ಮೆಷಿನ್ ಕೆಲಸ ಮುಗೀತು."

"ನಮ್ಮ ಕೆಲಸ ಮುಗೀಲಿಲ್ಲಲ್ರಿ."

"ಬಿಸಿನೀರು ಖರ್ಚಾಗಬೇಕು. ಆಗ ಹೊಸ ತಣ್ಣೀರು ಟ್ಯಾಂಕಿಗೆ ಬರುತ್ತೆ, ಅದನ್ನ ಕಾಯಿಸೋಕೆ ಮೆಷಿನ್ ಹೊರಡುತ್ತೆ, ಗಾಳಿ ಬರುತ್ತೆ."

ಖರ್ಚು ಮಾಡುವುದಕ್ಕೇನು ಕಷ್ಟ ಎಂದು ಮೊದಲು ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಬಿಸಿನೀರಿನಲ್ಲಿ ತೊಳೆದರು. ಯಂತ್ರ ಹೊರಟಿತು. ಜಾಡಿ ಮುಗಿದು ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಪಾತ್ರೆ, ಪರಾತ, ಸೌಟು, ಕೊನೆಗೆ ಶುದ್ಧವಾಗಿಯೇ ಇದ್ದ ಇಡ್ಲಿ ಸ್ಟ್ಯಾಂಡನ್ನೂ ತೊಳೆದರು. ಮತ್ತೆ ಟಿಕ್.

"ನಲ್ಲಿ ತಿರುಗಿಸಿ ಬಿಟ್ಟರಾಯ್ತಪ್ಪ," ಎಂದಳು ಪದ್ಮಾ.

"ಮೋರಿಗಾ?" ಮಾಧವೀಲತಾ ಹೌಹಾರಿದರು. "ಬ್ಯಾಸಿಗ್ಯಾಗ ಟ್ಯಾಂಕರ್ ನೀರು ತರಸ್ತೀವಿ, ಒಂದು ಚೆಂಬು ಸುಮ್ಮನ ಹೋಗಬಾರದು."

"ಅಷ್ಟು ಒಳ್ಳೇ ಶಾಖಾನ ಮೋರಿಗೆ ಬಿಡೋದು ನನ್ನಿಂದಲೂ ಆಗಲ್ಲ," ಎಂದು ಗುರುದತ್ ತನ್ನ ಕೊರಳಿಗೆ ತಾನೇ ಹಗ್ಗ ಕೊಟ್ಟ. "ಯಾರಾದ್ರೂ ಸ್ನಾನ ಮಾಡಬೇಕು."

ಕನಕದುರ್ಗ ಕಿವಿ ಮುಚ್ಚಿಕೊಂಡರು. ಕೃಷ್ಣೆಯಲ್ಲಿ ಮುಳುಗೆದ್ದು ಬೆಳೆದವರು ತಾವು, ಬಿಸಿನೀರನ್ನು ಮೈಗೆ ಸೋಕಿಸಿದವರಲ್ಲ. ಮಾಧವೀಲತಾ ಆಗಲೇ ಸ್ನಾನ ಮಾಡಿ ಮಡಿಯಲ್ಲಿ ಕೂತಿದ್ದರು, ಎದ್ದರೆ ಖಾರದ ಪುಡಿಗೆ ದಿಕ್ಕಿಲ್ಲ. ಹಿಮಬಿಂದು ನಿನ್ನೆಯಷ್ಟೇ ಕೂದಲು ನೆಟ್ಟಗೆ ಮಾಡಿಸಿಕೊಂಡಿದ್ದಳು. ಎಲ್ಲರ ಕಣ್ಣೂ ಪದ್ಮಾಳ ಕಡೆ ಹೊರಳಿದವು.

"ನನ್ನ ಮುಖ ನೋಡಬೇಡಿ," ಎಂದಳು ಅವಳು. "ಬಿಸಿನೀರು ಬೇಕು ಅಂದೋರು ಯಾರೋ ಅವರ ಮುಖ ನೋಡಿ."

ಗುರುದತ್ ಟವೆಲ್ ಎತ್ತಿಕೊಂಡ. ಮೊದಲ ಸ್ನಾನ ಸ್ವರ್ಗ. ಬೆನ್ನಿಗೆ ಬಿಸಿನೀರು ಬಿದ್ದ ಕೂಡಲೇ ಆಚೆ ಯಂತ್ರ ಗುನುಗಿತು. ತಾನು ಸುರಿದುಕೊಂಡ ಪ್ರತಿ ಚೆಂಬೂ ಹಾಲಿನಲ್ಲಿ ತಂಗಾಳಿಯಾಗಿ ಬೀಸುತ್ತಿದೆಯಲ್ಲ ಎಂದು ರೋಮಾಂಚನವಾಯಿತು. ಒಂದೇ ಕರೆಂಟಿನಲ್ಲಿ ಇತ್ತ ಕುದಿ, ಅತ್ತ ತಂಪು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಎದುರಿಗಿದ್ದರೆ ಒದ್ದೆ ಮೈಯಲ್ಲೇ ತಬ್ಬಿಕೊಳ್ಳುತ್ತಿದ್ದ.

ಎರಡನೆಯ ಸ್ನಾನವೂ ಚೆನ್ನಾಗಿತ್ತು. ಮೂರನೆಯದರಲ್ಲಿ ಸಾಬೂನು ಹಾಕಲು ಕೊಳೆಯೇ ಸಿಗಲಿಲ್ಲ. ಆಮೇಲೆ ಲೆಕ್ಕ ತಪ್ಪಿತು. ಹೊರಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟರಲ್ಲಿ 'ಟಿಕ್'. "ಗುರುದತ್ ಗಾರೂ, ಗಾಳಿ ನಿಂತೈತಿ." ಮತ್ತೆ ಒಳಗೆ. ಮೈ ಬೇಯಿಸಿದ ಬೀಟ್‌ರೂಟಿನಂತಾಯಿತು, ಬೆರಳ ತುದಿಗಳು ಒಣದ್ರಾಕ್ಷಿಯಂತಾದವು. ಹೋಳುಗಳು ಒಣಗುತ್ತ ಬಂದವು, ಗುರುದತ್ ನೆನೆಯುತ್ತ ಹೋದ.

ಒಮ್ಮೆ ಮೋಸ ಮಾಡಲೂ ನೋಡಿದ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಬಿಸಿನೀರನ್ನು ಚೆಂಬಿನಿಂದ ನೆಲಕ್ಕೆ ಸುರಿಯತೊಡಗಿದ. ಬಾಗಿಲು ಬಡಿದ ಸದ್ದಾಯಿತು.

"ಗುರುದತ್ ಗಾರೂ, ಇದು ನೆಲಕ್ಕ ಹಾಕೋ ಸದ್ದು. ಮೈಮ್ಯಾಲೆ ಬಿದ್ರ ಸದ್ದು ಬ್ಯಾರೆ ಇರ್ತೈತಿ."

"ಆಂಟಿ, ಇಷ್ಟೊಂದು ಸ್ನಾನ ಮಾಡಿದ್ರೆ ನನ್ನ ಬಣ್ಣ ಬಿಡುತ್ತೆ."

"ಬಿಡ್ಲಿ ಬಿಡ್ರಿ. ಮೆಷಿನ್ ಉಳೀಬೇಕೋ ಬ್ಯಾಡೋ?"

ಉಳಿಯಬೇಕಿತ್ತು. ಚೆಂಬು ಮತ್ತೆ ತಲೆಯ ಮೇಲಕ್ಕೆ ಹೋಯಿತು.

ಈ ನಡುವೆ ಬ್ಯಾಂಕಿನ ಮ್ಯಾನೇಜರ್ ವೆಂಕಟರಮಣ ಫೋನ್ ಮಾಡಿದರು. ಅವರು ಉಡುಪಿಯ ಕಡೆಯವರು. "ಸ್ನಾನಕ್ಕೆ ಹೋಗಿದ್ದಾರೆ ಸರ್," ಎಂದಳು ಪದ್ಮಾ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರು. "ಸ್ನಾನ ಮಾಡ್ತಿದ್ದಾರೆ ಸರ್." ಮಧ್ಯಾಹ್ನ ಮತ್ತೊಮ್ಮೆ. "ಈಗಷ್ಟೇ ಸ್ನಾನಕ್ಕೆ ಹೋದ್ರು ಸರ್."

ವೆಂಕಟರಮಣ ದನಿ ತಗ್ಗಿಸಿ, "ಯಾರು ಹೋದದ್ದು ಮಾರಾಯ್ರೆ? ಹತ್ತಿರದವರಾ?" ಎಂದರು.

ಪದ್ಮಾ ಬಿಡಿಸಿ ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು. ಗುರುದತ್ ಹಬೆಯಾಡುತ್ತ ಹೊರಬಂದು ಮೊಬೈಲು ನೋಡಿದರೆ ಬ್ಯಾಂಕಿನ ವಾಟ್ಸಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು. 'ಅಗಲಿದ ಆತ್ಮಕ್ಕೆ ಶಾಂತಿ ಸಿಗಲಿ.' 'ಧೈರ್ಯ ತಂದುಕೊಳ್ಳಿ ಸರ್.' ಸದ್ಯದ ಪರಿಸ್ಥಿತಿಯಲ್ಲಿ ಯಾವುದೂ ತಪ್ಪೆನಿಸಲಿಲ್ಲ.

ಯಾರೂ ಸತ್ತಿಲ್ಲ ಎಂದು ಉತ್ತರ ಬರೆಯಬೇಕೆನ್ನುವಷ್ಟರಲ್ಲಿ ಟಿಕ್.

ಇಳಿಹೊತ್ತಿಗೆ ತೀರ್ಪಿನ ಗಳಿಗೆ ಬಂತು. ಕನಕದುರ್ಗ ಪಂಚೆಯ ನಡುವಿನಿಂದ ಒಂದು ಹೋಳನ್ನು ಆರಿಸಿ ಬೆರಳುಗಳ ನಡುವೆ ಉಜ್ಜಿದರು. ಕೆನ್ನೆಗೆ ಒತ್ತಿಕೊಂಡರು. ಬೆಳಕಿಗೆ ಹಿಡಿದರು. ಗುರುದತ್ ಟವೆಲ್ಲಿನಲ್ಲಿ ನಿಂತು, ಮದುವೆಗೆ ಮೊದಲು ಹುಡುಗಿ ಒಪ್ಪಿದಳೋ ಇಲ್ಲವೋ ಎಂದು ಕಾದಾಗಲೂ ಹಿಡಿಯದಷ್ಟು ಉಸಿರು ಹಿಡಿದ.

ಕನಕದುರ್ಗ ಮೆಲ್ಲಗೆ ಏನೋ ಹೇಳಿದರು. ಮಾಧವೀಲತಾರ ಕಣ್ಣು ತೇವವಾಯಿತು, ಹೋಳಿಗೆ ತಾಗದಷ್ಟು ದೂರದಲ್ಲಿ.

"ನಮ್ಮ ಬೆಜವಾಡದ ಬಿಸಿಲೂ ಹಿಂಗ ಒಣಗಸಂಗಿಲ್ಲ ಅಂದ್ರು ವದಿನ. ಮದುವಿಯಾಗಿ ಬಂದಾಗಿಂದ ಈ ಮಾತು ಅವರ ಬಾಯಾಗ ನಾ ಕೇಳಿದ್ದಿಲ್ಲ."

ಆಮೇಲೆ ಹಾಲಿನಲ್ಲಿ ಹಬ್ಬ. ಪರಾತಕ್ಕೆ ಹೋಳು ಬಿತ್ತು, ಸಾಸಿವೆ ಪುಡಿ ಬಿತ್ತು, ಖಾರ, ಉಪ್ಪು, ಮೆಂತ್ಯ ಬಿತ್ತು. ಮೇಲೆ ಎಳ್ಳೆಣ್ಣೆ ಕೆರೆಯ ಕೋಡಿಯಂತೆ ಹರಿಯಿತು. ಪದ್ಮಾ ಮೊಣಕೈಯವರೆಗೆ ಕೆಂಪಾಗಿ ಕಲಸಿದಳು. ಬಿಸಿ ಅನ್ನಕ್ಕೆ ತುಪ್ಪ, ಹೊಸ ಆವಕಾಯ ಸೇರಿಸಿ ಕನಕದುರ್ಗ ತಾವೇ ಮೊದಲ ತುತ್ತನ್ನು ಗುರುದತ್ತನ ಕೈಗಿಟ್ಟರು. ಅವನ ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಸಂತೋಷಕ್ಕೋ ಅವನಿಗೇ ಗೊತ್ತಾಗಲಿಲ್ಲ.

"ಮೆಷಿನ್ ಇಲ್ಲೇ ಇರ್ತೈತಿ," ಎಂದರು ಮಾಧವೀಲತಾ. "ಯಾರೂ ಅದನ್ನ ಗೋಡಿಯಿಂದ ಇಳಸಂಗಿಲ್ಲ. ನನ್ನ ಮಾತು."

"ಆಂಟಿ, ನಿಮ್ಮ ಉಪಕಾರ ಮರೆಯಲ್ಲ," ಎಂದ ಗುರುದತ್, ತುತ್ತು ನುಂಗುತ್ತ.

"ಅದಕ್ಕ ನೀವು ಬ್ಯಾರೆ ಮನಿ ನೋಡ್ಕೋಬೇಕು."

ಗುರುದತ್ ಬೆರಳು ನೆಕ್ಕುವುದನ್ನು ನಿಲ್ಲಿಸಿದ. "ಏನಂದ್ರಿ?"

"ವದಿನ ವಿಜಯವಾಡ ಬಿಟ್ಟು ಇಲ್ಲಿಗೇ ಬರ್ತಾರ. ಈ ಮನ್ಯಾಗ ಇರ್ತಾರ. ಈಗ ಆವಕಾಯ, ಆಮ್ಯಾಲೆ ಒಣಮಾವಿನ ಮಾಗಾಯಿ, ಸಂಡಿಗಿ, ಹಪ್ಪಳ. ವರ್ಷವಿಡೀ ಒಣಗಸೋದು ಇದ್ದೇ ಇರ್ತೈತಿ. ಹಿಮಬಿಂದು ತನ್ನ ಆಫೀಸಿನ ಮಂದಿ ಕಡೆಯಿಂದ ಆಗಲೇ ಆರ್ಡರ್ ತಗೊಂಡಾಳ. ನೀವು ಸ್ನಾನದಾಗ ಇದ್ರಿ, ಅದಕ್ಕ ಕೇಳಲಿಲ್ಲ."

"ಹಾಗಾದ್ರೆ ನನ್ನ ಮೆಷಿನ್ ಬಿಚ್ಚಿಸಿಕೊಂಡು ಹೋಗ್ತೀನಿ."

"ಸಾಯಿಕಿರಣ್‌ಗ ಫೋನ್ ಮಾಡಿ ಕೇಳೀವಿ. ಇಷ್ಟು ಲಗೂನ ಕಿತ್ತು ಬ್ಯಾರೆ ಕಡೆ ಕೂಡ್ರಿಸಿದ್ರ ಗ್ಯಾರಂಟಿ ಹೋಗ್ತೈತಂತ. ನೀವು ಎಷ್ಟು ಕೊಟ್ಟೀರೋ ಅಷ್ಟಕ್ಕೇ ನಾವು ಇಟ್ಕೋತೀವಿ. ಅಂಥ ಒಳ್ಳೇ ಮೆಷಿನ್‌ಗೆ ತ್ರಾಸ ಕೊಡಬಾರದ್ರಿ."

ಗುರುದತ್ ಕೊನೆಯ ಆಸರೆಯ ಕಡೆ ತಿರುಗಿದ. "ಪದ್ಮಾ, ನೀನಾದ್ರೂ ಹೇಳು."

ಪದ್ಮಾ ಪರಾತದಿಂದ ತಲೆಯೆತ್ತಲಿಲ್ಲ. "ಈ ಉಪ್ಪಿನಕಾಯಿ ವ್ಯಾಪಾರದಲ್ಲಿ ನಾನೂ ಪಾರ್ಟ್‌ನರ್ ರೀ. ಮಧ್ಯಾಹ್ನ ನೀವು ಒಳಗಿದ್ದಾಗ ಹೋಗಿ ಹಿಂದಿನ ಬೀದೀಲಿ ಒಂದು ಮನೇನೂ ನೋಡ್ಕೊಂಡು ಬಂದೆ. ಚೆನ್ನಾಗಿದೆ. ಎಸಿ ಹಾಕಿಸಿಯೇ ಕೊಡ್ತಾರಂತೆ."

ಗುರುದತ್ ಗೋಡೆಗೊರಗಿ ಕೂತ. ಅವನ ಯಂತ್ರ ಗೆದ್ದಿತ್ತು. ಅದರ ಎಂಜಿನಿಯರಿಂಗು ಎಷ್ಟು ಚೆನ್ನಾಗಿ ಗೆದ್ದಿತ್ತೆಂದರೆ ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿ ಅವನಿಗೆ ಸಿಗದಾಗಿತ್ತು. ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಂಡು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. "ಹೋಗ್ಲಿ. ಸ್ಥಾನ ಹೋದರೆ ಹೋಯ್ತು, ಕಡೇಪಕ್ಷ ಈ ಸ್ನಾನವಾದ್ರೂ ತಪ್ಪಿತಲ್ಲ."

"ಅದ್ಹೆಂಗ ತಪ್ತೈತ್ರಿ?" ಮಾಧವೀಲತಾ ಅಚ್ಚರಿಯಿಂದ ನೋಡಿದರು. "ವದಿನ ತಣ್ಣೀರು ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ. ನೀವು ಮೀಯದಿದ್ರ ಮೆಷಿನ್ ಹೆಂಗ ನಡೀತೈತಿ? ಮುಂಜಾನಿ ಬ್ಯಾಂಕಿಗೆ ಹೋಗೋ ಮುಂದ ಒಮ್ಮೆ, ಊಟದ ಹೊತ್ತಿನ್ಯಾಗ ಒಮ್ಮೆ, ಸಂಜಿಗೆ ಒಮ್ಮೆ. ಹಿಂದಿನ ಬೀದಿ ತಾನ, ಎರಡು ಹೆಜ್ಜಿ. ಸಾಬೂನು ನಮ್ಮದೇ."

ಗುರುದತ್ ಏನೋ ಹೇಳಲು ಬಾಯಿ ತೆರೆದ. ಯುಟಿಲಿಟಿಯಲ್ಲಿ 'ಟಿಕ್' ಎಂದಿತು. ಹಿಮಬಿಂದುವಿನ ಅಮ್ಮನ ಹೋಳುಗಳು ಇನ್ನೂ ಅರ್ಧ ಒಣಗಬೇಕಿತ್ತು. ಕನಕದುರ್ಗ ಎದ್ದು, ಕೈ ಒರೆಸಿಕೊಂಡು, ಕುರ್ಚಿಯ ಬೆನ್ನಿಗೆ ಹರವಿದ್ದ ಒಣ ಟವೆಲನ್ನು ಮಡಿಸಿ ಅಳಿಯನಿಗೆ ಕೊಡುವಷ್ಟು ಮರ್ಯಾದೆಯಿಂದ ಅವನ ಮುಂದೆ ಹಿಡಿದರು.

"ವೆಳ್ಳು ನಾಯನಾ," ಎಂದರು. "ಹೋಗಿ ಬಾ ಮಗಾ, ಗಾಳಿ ನಿಂತಿದೆ."